ಶಬ್ದಕ್ಕಿಂತ ಮುಂದೆ, ಸದ್ದಿಲ್ಲದೆ



ಎತ್ತಿನ ಗಾಡಿ ಹೊಡೆಯುವ ರೈತ ಬಾರುಕೋಲನ್ನು ಗಾಳಿಯಲ್ಲಿ ಬೀಸಿ 'ಛಟೀರ್' ಎನ್ನಿಸುವುದನ್ನು ನೀವೆಲ್ಲರೂ ಕೇಳಿದ್ದೀರಿ. ಆ ಸದ್ದು ಎಲ್ಲಿಂದ ಬರುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಬಾರು ಎತ್ತಿನ ಬೆನ್ನಿಗೆ ತಾಕಿರುವುದಿಲ್ಲ. ನೊಗಕ್ಕಾಗಲಿ ನೆಲಕ್ಕಾಗಲಿ ಬಡಿದಿರುವುದಿಲ್ಲ. ಬರಿಯ ಗಾಳಿಯಲ್ಲಿ ಆಡಿಸಿದ್ದಕ್ಕೆ ಅಷ್ಟು ಸದ್ದು! ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಕೈ ಬೀಸಿದ ಬಲ ಬಾರಿನ ಉದ್ದಕ್ಕೂ ಓಡುತ್ತದೆ. ಬಾರು ತೆಳ್ಳಗಾಗುತ್ತ ಹೋದಂತೆಲ್ಲ ವೇಗ ಏರುತ್ತದೆ. ಕೊನೆಗೆ ಅದರ ತುದಿಭಾಗ ಶಬ್ದದ ವೇಗವನ್ನೇ ಮೀರಿಬಿಡುತ್ತದೆ. ಆಗ ಗಾಳಿಗೆ ಬಿದ್ದ ಪೆಟ್ಟೇ ನಮ್ಮ ಕಿವಿಗೆ ಛಟೀರ್ ಎಂದು ಕೇಳುವುದು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ ಮಾಡುವ ಸದ್ದೂ ಇದೇ ಜಾತಿಯದು. ಬಾರು ದೊಡ್ಡದು, ಅಷ್ಟೆ.

ಅಂಥ ಪೆಟ್ಟು ನಮ್ಮ ರಾಜ್ಯದಲ್ಲೇ ಒಮ್ಮೆ ಲಕ್ಷಾಂತರ ಮಂದಿಗೆ ಕೇಳಿಸಿತು. 2020ನೆಯ ಇಸವಿಯ ಮೇ 20ರಂದು, ಊಟದ ಹೊತ್ತಿನಲ್ಲಿ, ಬೆಂಗಳೂರಿನ ಜನ ಒಂದು ಭಾರಿ ಸದ್ದಿಗೆ ಬೆಚ್ಚಿಬಿದ್ದರು. ಕೊರೋನಾ ಕಾಲದ ದಿನಗಳು ಅವು. ಬೀದಿಗಳಲ್ಲಿ ವಾಹನಗಳ ಗದ್ದಲ ಕಡಮೆ. ಕಿಟಕಿಗಳು ಅದುರಿದವು. ಭೂಕಂಪವೆಂದರು ಕೆಲವರು, ಎಲ್ಲೋ ಏನೋ ಸಿಡಿಯಿತೆಂದರು ಕೆಲವರು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಭೂಮಿ ಕಂಪಿಸಿಲ್ಲವೆಂದು ತಿಳಿಸಿದರು. ಆಮೇಲೆ ರಕ್ಷಣಾ ಇಲಾಖೆಯಿಂದ ವಿವರಣೆ ಬಂತು. ವಾಯುಪಡೆಯ ವಿಮಾನವೊಂದು ಪರೀಕ್ಷೆಗಾಗಿ ಹಾರಿತ್ತು. ನಗರದಿಂದ ಸಾಕಷ್ಟು ದೂರದಲ್ಲಿ, ಅದಕ್ಕೆಂದೇ ಗೊತ್ತುಮಾಡಿದ ಆಕಾಶಭಾಗದಲ್ಲಿ, 36,000ದಿಂದ 40,000 ಅಡಿ ಎತ್ತರದಲ್ಲಿ, ಅದು ಶಬ್ದಕ್ಕಿಂತ ಮಿಗಿಲಾದ ವೇಗದಿಂದ ಕೆಳಗಿನ ವೇಗಕ್ಕೆ ಇಳಿಯುತ್ತಿದ್ದಾಗ ಈ ಸದ್ದು ಹುಟ್ಟಿರಬೇಕು ಎಂದರು. ವಿಮಾನ 65 ಕಿಲೋಮೀಟರು ದೂರವಿದ್ದರೂ ಅದು ಕೇಳಬಲ್ಲದಂತೆ.

ಯಾರಿಗೂ ಕಾಣದ ಒಂದು ವಿಮಾನ, ಒಂದೇ ಒಂದು ಸಲ, ಇಡೀ ನಗರವನ್ನು ಬೆಚ್ಚಿಸಿತು. ಇಂಥ ವಿಮಾನಗಳು ನಮ್ಮ ತಲೆಯ ಮೇಲೆ ದಿನವೂ ಬಸ್ಸಿನಂತೆ ಓಡಾಡತೊಡಗಿದರೆ? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ವಿಮಾನಶಿಲ್ಪಿಗಳು ಎಪ್ಪತ್ತು ವರ್ಷಗಳಿಗೂ ಮಿಕ್ಕಿ ತೊಡಗಿದ್ದಾರೆ. ಅವರ ಆ ಪ್ರಯತ್ನವೇ ಇಂದಿನ ಮಾತಿನ ವಿಷಯ.

ಮೊದಲು, ಈ ಸದ್ದು ಹುಟ್ಟುವುದು ಹೇಗೆ ಎಂದು ನೋಡೋಣ. ನೆಲದ ಬಳಿಯ ಗಾಳಿಯಲ್ಲಿ ಶಬ್ದ ಗಂಟೆಗೆ ಸುಮಾರು 1,240 ಕಿಲೋಮೀಟರು ಸಾಗುತ್ತದೆ. ಬಹಳ ಮೇಲಿನ ತಣ್ಣನೆಯ ಗಾಳಿಯಲ್ಲಿ ಸುಮಾರು 1,060. ಕೆರೆಯಲ್ಲಿ ಹರಿಗೋಲು ಮೆಲ್ಲನೆ ಸಾಗಿದರೆ ಅಲೆಗಳು ಅದಕ್ಕಿಂತ ಮುಂದಾಗಿ ಎಲ್ಲ ದಿಕ್ಕಿಗೂ ಹರಡಿ ಹೋಗುತ್ತವೆ. ಅದೇ ಮೋಟಾರು ದೋಣಿ ರಭಸದಿಂದ ಸಾಗಿದರೆ, ಅಲೆಗಳಿಗೆ ಮುಂದೆ ಓಡಲು ಎಡೆಯಿಲ್ಲ. ಅವು ಒಂದರ ಮೇಲೊಂದು ಒತ್ತಿಕೊಂಡು, ದೋಣಿಯ ಎರಡು ಕಡೆಯೂ ರೆಕ್ಕೆ ಬಿಚ್ಚಿದಂತೆ ಎರಡು ಏಣುಗಳಾಗಿ ಹಿಂದೆ ಸರಿಯುತ್ತವೆ. ಆ ಏಣು ದಡಕ್ಕೆ ಬಂದು ಬಡಿಯುವುದು ದೋಣಿ ದಾಟಿಹೋದ ಮೇಲೆ. ವಿಮಾನವೂ ಹಾಗೆಯೇ. ಶಬ್ದಕ್ಕಿಂತ ಮೆಲ್ಲಗೆ ಹಾರುವಾಗ ಅದರ ಸದ್ದು ಮುಂದಾಗಿ ಬಂದು, 'ಬರುತ್ತಿದ್ದೇನೆ' ಎಂದು ಹೇಳುತ್ತದೆ. ಶಬ್ದವನ್ನು ಮೀರಿ ಹಾರುವಾಗ ಆ ಮುನ್ಸೂಚನೆ ಇಲ್ಲ. ಒತ್ತಿಕೊಂಡ ಗಾಳಿ ಶಂಕುವಿನ ಆಕಾರದಲ್ಲಿ ಹಿಂದೆ ಹರಡಿ ನೆಲಕ್ಕೆ ಇಳಿಯುತ್ತದೆ. ಇದಕ್ಕೆ ಆಘಾತದ ಅಲೆ ಎಂದು ಹೆಸರು. ಅದು ನಮ್ಮನ್ನು ದಾಟುವಾಗ ಗಾಳಿಯ ಒತ್ತಡ ಏರುವುದು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಆದರೆ ಏರುವುದು ಕಣ್ಣೆವೆ ಮುಚ್ಚುವುದಕ್ಕಿಂತ ಬೇಗ. ಕಿವಿಗೆ ಪೆಟ್ಟೆನಿಸುವುದು ಆ ಹಠಾತ್ತಿನಿಂದಲೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ವಿಮಾನ ಶಬ್ದದ ವೇಗವನ್ನು ದಾಟುವ ಆ ಒಂದು ಗಳಿಗೆಯಲ್ಲಿ ಮಾತ್ರ ಸದ್ದಾಗುತ್ತದೆ, ಆಮೇಲೆ ಎಲ್ಲ ಸುಮ್ಮನೆ ಎಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ವಿಮಾನ ಆ ವೇಗದಲ್ಲಿ ಇರುವಷ್ಟು ಹೊತ್ತೂ ಪೆಟ್ಟು ಅದರ ಹಿಂದೆಯೇ ನೆಲದ ಮೇಲೆ ಎಳೆದುಕೊಂಡು ಹೋಗುತ್ತದೆ. ನಿಮಗೆ ಒಮ್ಮೆ ಕೇಳುತ್ತದೆ. ಮುಂದಿನ ಊರಿನವರಿಗೆ ಮರುಕ್ಷಣ ಕೇಳುತ್ತದೆ. ಅದರಾಚೆಯ ಊರಿಗೆ ಮತ್ತೊಂದು ಕ್ಷಣದಲ್ಲಿ. ಜಮಖಾನೆ ಹಾಸಿದ ಹಾಗೆ ಸದ್ದು ನಾಡಿನ ಮೇಲೆ ಹಾಸಿಕೊಳ್ಳುತ್ತ ಹೋಗುತ್ತದೆ. ಜಮಖಾನೆಯ ಅಗಲಕ್ಕೆ ಸ್ಥೂಲವಾದ ಲೆಕ್ಕವೊಂದಿದೆ: ವಿಮಾನ ಎಷ್ಟು ಸಾವಿರ ಅಡಿ ಎತ್ತರದಲ್ಲಿದೆಯೋ ಹೆಚ್ಚು ಕಡಮೆ ಅಷ್ಟು ಮೈಲಿ. 50,000 ಅಡಿಯ ಮೇಲೆ ಹಾರಿದರೆ 50 ಮೈಲಿ, ಎಂದರೆ 80 ಕಿಲೋಮೀಟರು.

ಈ ಲೆಕ್ಕವನ್ನು ನಮ್ಮ ಸೀಮೆಗೆ ಇಳಿಸಿ ನೋಡಿ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ. ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳ ಹೆಸರು ಅದರ ಗೋಡೆಯ ವಿಗ್ರಹಗಳೊಡನೆ ಇಂದಿಗೂ ಉಳಿದಿದೆ. ಒಂದು ಮಧ್ಯಾಹ್ನ ನೀವು ಆ ದೇವಾಲಯದ ಅಂಗಳದಲ್ಲಿ ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಮೇಲೆ ಗಂಟೆಗೆ 1,500 ಕಿಲೋಮೀಟರು ವೇಗದ ವಿಮಾನವೊಂದು ಪಡುವಣಕ್ಕೆ ಮುಖಮಾಡಿದೆ. ನೇರ ಗೆರೆ ಎಳೆದರೆ ಬೆಂಗಳೂರಿನಿಂದ ನುಗ್ಗೇಹಳ್ಳಿಗೆ ಸುಮಾರು 120 ಕಿಲೋಮೀಟರು. ಐದು ನಿಮಿಷ ಕಳೆಯುವುದರೊಳಗೆ ಅದು ನಿಮ್ಮ ನೆತ್ತಿಯ ಮೇಲಿರುತ್ತದೆ. ನಿಮಗೆ ಏನೂ ಕೇಳುವುದಿಲ್ಲ. ಅದು ದಾಟಿಹೋಗಿ ಅರ್ಧ ನಿಮಿಷ ಕಳೆದ ಮೇಲೆ 'ಢಮ್ ಢಮ್' ಎಂದು ಜೋಡಿ ಪೆಟ್ಟು ಬೀಳುತ್ತದೆ. ಅದೇ ಹಾರಾಟದ ಪೆಟ್ಟು ಚನ್ನರಾಯಪಟ್ಟಣಕ್ಕೂ ತಿಪಟೂರಿಗೂ, ಹಾಸನಕ್ಕೂ ಅರಸೀಕೆರೆಗೂ, ಹೊಳೆನರಸೀಪುರಕ್ಕೂ ಅರಕಲಗೂಡಿಗೂ ಸಲ್ಲುತ್ತದೆ. ಎಲ್ಲ ಊರುಗಳೂ ಆ 80 ಕಿಲೋಮೀಟರಿನ ಜಮಖಾನೆಯ ಒಳಗೇ ಇವೆ. ವಿಮಾನದಲ್ಲಿ ಕುಳಿತವರು ನೂರು ಮಂದಿ ಇರಬಹುದು. ಅವರಿಗೆ ಆ ಸದ್ದು ಕೇಳುವುದೇ ಇಲ್ಲ! ತೊಟ್ಟಿಲಲ್ಲಿ ಮಲಗಿದ ಕೂಸು ಚೀರಿ ಎದ್ದದ್ದು, ಕೊಟ್ಟಿಗೆಯ ಹಸು ಹಗ್ಗ ಜಗ್ಗಿದ್ದು, ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ್ದ ರೋಗಿ ಬೆದರಿದ್ದು ಅವರಿಗೆ ತಿಳಿಯುವುದೂ ಇಲ್ಲ. ಲಾಭ ಮೇಲಿನ ನೂರು ಮಂದಿಗೆ, ಸದ್ದು ಕೆಳಗಿನ ಲಕ್ಷಾಂತರ ಮಂದಿಗೆ. ಇಡೀ ವಿವಾದದ ತಿರುಳು ಇದು.

ಇದು ಬರಿಯ ಊಹೆಯಲ್ಲ, ನಡೆದ ಕಥೆ. 1947ರ ಅಕ್ಟೋಬರ್ 14ರಂದು ಅಮೆರಿಕೆಯ ಚಕ್ ಯೇಗರ್ ಮೊದಲ ಬಾರಿಗೆ ನೇರ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಿದ. ಮುಂದಿನ ಹದಿನೈದು ವರ್ಷಗಳಲ್ಲಿ, ಪ್ರಯಾಣಿಕರೂ ಹೀಗೆ ಹಾರುವ ಕಾಲ ಬಂದೇ ಬಿಟ್ಟಿತೆಂದು ಎಲ್ಲರೂ ನಂಬಿದರು. ಜನ ಆ ಸದ್ದನ್ನು ತಾಳಿಕೊಂಡಾರೆಯೆ ಎಂದು ತಿಳಿಯಲು ಅಮೆರಿಕಾ ಸರಕಾರ 1964ರಲ್ಲಿ ಓಕ್ಲಹಾಮ ನಗರವನ್ನು ಆರಿಸಿಕೊಂಡಿತು. ಫೆಬ್ರವರಿಯಿಂದ ಜುಲೈವರೆಗೆ ಆರು ತಿಂಗಳು, ದಿನಕ್ಕೆ ಎಂಟರವರೆಗೆ, ಒಟ್ಟು 1,253 ಪೆಟ್ಟುಗಳು ಆ ಊರಿನ ಮೇಲೆ ಬಿದ್ದವು. ಮೊದಲ 14 ವಾರಗಳಲ್ಲೇ ಊರಿನ ಅತಿ ಎತ್ತರದ ಎರಡು ಕಟ್ಟಡಗಳಲ್ಲಿ 147 ಕಿಟಕಿ ಗಾಜುಗಳು ಒಡೆದವು. ಹೇಗೋ ಹೊಂದಿಕೊಂಡೇವು ಎಂದವರು ಹೆಚ್ಚು ಮಂದಿ, ನಿಜ. ಆದರೆ ನಾಲ್ವರಲ್ಲಿ ಒಬ್ಬರಿಗೂ ಮಿಕ್ಕವರು, ಇದರ ಕೆಳಗೆ ಬಾಳುವುದು ನಮ್ಮಿಂದಾಗದು ಎಂದರು. ಆ ಮಾತನ್ನು ತಳ್ಳಿಹಾಕಲಾಗಲಿಲ್ಲ. 1973ರಲ್ಲಿ ಅಮೆರಿಕಾ ತನ್ನ ನೆಲದ ಮೇಲೆ ನಾಗರಿಕ ವಿಮಾನಗಳು ಶಬ್ದವೇಗ ಮೀರುವುದನ್ನು ನಿಷೇಧಿಸಿತು.

ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ಕಟ್ಟಿದ ಕಾಂಕಾರ್ಡ್ ವಿಮಾನದ ಹಣೆಬರಹವೂ ಇದರಿಂದಲೇ ನಿರ್ಧಾರವಾಯಿತು. 1969ರಲ್ಲಿ ಮೊದಲು ಹಾರಿ 1976ರಿಂದ ಪ್ರಯಾಣಿಕರನ್ನು ಹೊತ್ತ ಆ ಸುಂದರ ವಿಮಾನ ಶಬ್ದದ ಎರಡರಷ್ಟು ವೇಗದಲ್ಲಿ ಹೋಗಬಲ್ಲುದಾಗಿತ್ತು. ಹೋಗಲು ದಾರಿ ಇದ್ದದ್ದು ಬಹುಮಟ್ಟಿಗೆ ಸಮುದ್ರದ ಮೇಲೆ. ಲಂಡನ್ನಿನಿಂದ ಬಹರೇನ್ ಮಾರ್ಗವಾಗಿ ಸಿಂಗಪುರಕ್ಕೆ ಅದನ್ನು 1977ರಲ್ಲಿ ಓಡಿಸತೊಡಗಿದರು. ಮಲೇಷಿಯಾ ಸದ್ದಿನ ಬಗ್ಗೆ ಆಕ್ಷೇಪಿಸಿತು. ಭಾರತವೂ ತನ್ನ ನೆಲದ ಮೇಲೆ ಅದು ಶಬ್ದವೇಗ ಮೀರಲು ಒಪ್ಪಲಿಲ್ಲ. 1980ರಲ್ಲಿ ಆ ಸೇವೆ ನಿಂತಿತು. 2003ರಲ್ಲಿ ಕಾಂಕಾರ್ಡೇ ನಿವೃತ್ತವಾಯಿತು. ಎಂಜಿನಿಯರಿಗೆ ಸಾಧ್ಯವಾದುದು ನೆರೆಹೊರೆಗೆ ಒಪ್ಪಿಗೆಯಾಗದೆ ಹೋಯಿತು.

ಹಾಗಾದರೆ ಸದ್ದನ್ನು ತಗ್ಗಿಸಲಾಗದೆ? ವಿಮಾನದಷ್ಟು ಭಾರದ ವಸ್ತು ಅಷ್ಟು ವೇಗವಾಗಿ ಗಾಳಿಯನ್ನು ಸೀಳುವಾಗ ಗಾಳಿ ತಳ್ಳಿಸಿಕೊಳ್ಳಲೇಬೇಕು. ಅದನ್ನು ಇಲ್ಲವೆನಿಸಲು ಬಾರದು. ಆದರೆ ಒಂದು ಉಪಾಯವುಂಟು. ಮೂಟೆ ರಾಗಿಯನ್ನು ಅಟ್ಟದಿಂದ ಒಮ್ಮೆಗೇ ಕೆಡವಿ ನೋಡಿ, ಮನೆ ಅದುರುತ್ತದೆ. ಅದೇ ರಾಗಿಯನ್ನು ಮೊರದಿಂದ ಸಣ್ಣಗೆ ಸುರಿಯಿರಿ. ಸರಸರ ಎಂಬ ಸದ್ದು ಮಾತ್ರ. ರಾಗಿಯ ತೂಕ ಎರಡರಲ್ಲೂ ಒಂದೇ. ಗಾಳಿಗೆ ಕೊಡುವ ಪೆಟ್ಟನ್ನೂ ಹೀಗೆ ಹಂಚಿ ಕೊಡಬಹುದಲ್ಲವೆ?

ಹಂಚುವುದು ಸುಲಭವಲ್ಲ. ವಿಮಾನದಿಂದ ಹೊರಡುವ ಆಘಾತದ ಅಲೆ ಒಂದೇ ಅಲ್ಲ. ಮೂತಿಯಿಂದ ಒಂದು, ಚಾಲಕನ ಮುಂದಿನ ಗಾಜಿನ ಉಬ್ಬಿನಿಂದ ಒಂದು, ರೆಕ್ಕೆಯ ಅಂಚಿನಿಂದ, ಎಂಜಿನ್ನಿನ ಬಾಯಿಂದ, ಬಾಲದಿಂದ ಹೀಗೆ ಹಲವು. ಇವು ಬಿಡಿಬಿಡಿಯಾಗಿ ನೆಲಕ್ಕೆ ಬಂದಿದ್ದರೆ ಚಿಂತೆಯಿರಲಿಲ್ಲ. ಆದರೆ ಬಲವಾದ ಅಲೆ ದುರ್ಬಲ ಅಲೆಗಿಂತ ವೇಗವಾಗಿ ಸಾಗುತ್ತದೆ. ಒಂದು ಅಲೆ ಹಾದುಹೋದ ಗಾಳಿ ತುಸು ಬಿಸಿಯಾಗುವುದರಿಂದ ಹಿಂದೆ ಬರುವ ಅಲೆಗೆ ದಾರಿ ಇನ್ನೂ ಸಲೀಸು. ಸಂತೆಗೆ ಹೊರಟ ಗಾಡಿಗಳಲ್ಲಿ ಹಿಂದಿನ ಗಾಡಿಯ ಎತ್ತು ಚುರುಕಾಗಿದ್ದರೆ ಊರಬಾಗಿಲಿಗೆ ಬರುವ ಹೊತ್ತಿಗೆ ಎಲ್ಲ ಒಟ್ಟಿಗೆ ಕೂಡಿಕೊಳ್ಳುವುದಿಲ್ಲವೆ? ಹಾಗೆಯೇ ಈ ಅಲೆಗಳೂ ದಾರಿಯಲ್ಲಿ ಒಂದನ್ನೊಂದು ಕೂಡಿಕೊಂಡು, ನೆಲಕ್ಕೆ ತಲಪುವಾಗ ಎರಡೇ ಎರಡು ದೊಡ್ಡ ಪೆಟ್ಟುಗಳಾಗುತ್ತವೆ. ಒಂದು ಮುಂದಿನದು, ಒಂದು ಹಿಂದಿನದು. 'ಢಮ್ ಢಮ್' ಎಂಬ ಜೋಡಿ ಸದ್ದಿನ ಕಾರಣ ಇದೇ. ಇದರ ಗಣಿತವನ್ನು 1950ರ ದಶಕದಲ್ಲಿ ವಿಥಮ್ ಎಂಬ ವಿದ್ವಾಂಸರು ಬಿಡಿಸಿಟ್ಟರು. ಅದನ್ನು ಹಿಡಿದು ಸೀಬಾಸ್ ಮತ್ತು ಜಾರ್ಜ್ ಎಂಬಿಬ್ಬರು, ವಿಮಾನದ ಆಕಾರವನ್ನು ಜಾಣತನದಿಂದ ತಿದ್ದಿದರೆ ಈ ಅಲೆಗಳು ಕೂಡಿಕೊಳ್ಳದಂತೆ ನೆಲದವರೆಗೂ ಬಿಡಿಯಾಗಿಯೇ ಇಡಬಹುದು ಎಂದು ತೋರಿಸಿದರು.

ಕಾಗದದ ಮೇಲಿನ ಈ ಮಾತು ಆಕಾಶದಲ್ಲಿ ನಿಜವಾದದ್ದು 2003ರ ಆಗಸ್ಟ್ ತಿಂಗಳಲ್ಲಿ. ಹಳೆಯ ಎಫ್-5 ಯುದ್ಧವಿಮಾನವೊಂದರ ಮೂತಿಯನ್ನು ಲೆಕ್ಕಕ್ಕೆ ತಕ್ಕಂತೆ ದಪ್ಪವಾಗಿ ತಿದ್ದಿ ಅಮೆರಿಕೆಯಲ್ಲಿ ಹಾರಿಸಿದರು. ನೋಡಲು ಅದು ಹಕ್ಕಿಗಿಂತ ಹೆಚ್ಚಾಗಿ ಮೀನಿನಂತಿತ್ತು. ತಿದ್ದಿದ ವಿಮಾನವನ್ನೂ ತಿದ್ದದ ವಿಮಾನವನ್ನೂ ಒಂದರ ಹಿಂದೆ ಒಂದು ಹಾರಿಸಿ, ನೆಲದ ಮೇಲೆ ಮೈಕುಗಳನ್ನಿಟ್ಟು ಅಳೆದರು. ಮುಂದಿನ ಪೆಟ್ಟಿನ ಮೊನೆ ಮೊಂಡಾಗಿತ್ತು. ಆಕಾರದಿಂದ ಸದ್ದು ತಗ್ಗುತ್ತದೆ ಎಂಬುದು ಸಿದ್ಧವಾಯಿತು.

ಆ ದಾರಿಯಲ್ಲಿ ಇಟ್ಟ ದೊಡ್ಡ ಹೆಜ್ಜೆ ಎಕ್ಸ್-59 ಎಂಬ ವಿಮಾನ. ಅಮೆರಿಕೆಯ ನಾಸಾ ಸಂಸ್ಥೆಗಾಗಿ ಲಾಕ್‌ಹೀಡ್ ಮಾರ್ಟಿನ್ ಕಂಪನಿ ಇದನ್ನು ಕಟ್ಟಿತು. ಉದ್ದ ನೂರಡಿಗೆ ತುಸು ಕಡಮೆ. ರೆಕ್ಕೆಯ ಹರವು ಮೂವತ್ತಡಿಯೂ ಇಲ್ಲ. ಉದ್ದದ ಮೂರರಲ್ಲಿ ಒಂದು ಭಾಗ ಬರಿಯ ಮೂತಿ. ಕೊಕ್ಕರೆಯ ಕೊಕ್ಕಿನಂಥ ಆ ಮೂತಿ ಗಾಳಿಯನ್ನು ತಟ್ಟನೆ ತಳ್ಳದೆ, ಮೊರದಿಂದ ರಾಗಿ ಸುರಿದಂತೆ ಇಷ್ಟಿಷ್ಟಾಗಿ ಸರಿಸುತ್ತದೆ. ಎಂಜಿನ್ ಇರುವುದು ಬೆನ್ನಿನ ಮೇಲೆ, ಅದರ ಬಾಯಿಯ ಅಲೆ ಕೆಳಗಿಳಿಯದಿರಲಿ ಎಂದು. ಇನ್ನೊಂದು ಸೋಜಿಗ: ಚಾಲಕನಿಗೆ ಎದುರು ಗಾಜೇ ಇಲ್ಲ! ಗಾಜಿನ ಉಬ್ಬೂ ಒಂದು ಅಲೆಯನ್ನು ಹುಟ್ಟಿಸುತ್ತದಲ್ಲ, ಅದಕ್ಕಾಗಿ ಅದನ್ನೂ ತೆಗೆದುಹಾಕಿ, ಕ್ಯಾಮರಾ ಹಿಡಿದ ಚಿತ್ರವನ್ನು ಒಳಗಿನ ಪರದೆಯ ಮೇಲೆ ನೋಡಿ ಹಾರಿಸುವಂತೆ ಮಾಡಿದ್ದಾರೆ. 2025ರ ಅಕ್ಟೋಬರ್ 28ರಂದು ಈ ವಿಮಾನ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಬಾರಿಗೆ ಹಾರಿತು. ಆ ಹಾರಾಟ ಶಬ್ದದ ವೇಗಕ್ಕೆ ಒಳಪಟ್ಟೇ ನಡೆಯಿತು. 55,000 ಅಡಿ ಎತ್ತರದಲ್ಲಿ ಶಬ್ದದ 1.4 ಪಟ್ಟು ವೇಗ ಅದಕ್ಕೆ ಇಟ್ಟ ಗುರಿ.

ಸದ್ದಿನ ಗುರಿ ಏನು? ನೆಲದ ಮೇಲೆ ಕೇಳುವ ಗಟ್ಟಿತನವನ್ನು ಡೆಸಿಬಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಕಾಂಕಾರ್ಡಿನ ಪೆಟ್ಟು ಸುಮಾರು 105. ಎಕ್ಸ್-59ರ ಗುರಿ 75. ಮೂವತ್ತೇ ಕಳೆಯಿತೆ ಎಂದು ಹಗುರವಾಗಿ ಕಾಣಬೇಡಿ. ಹತ್ತು ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ. ಮೂವತ್ತು ಇಳಿದರೆ ಎಂಟರಲ್ಲಿ ಒಂದಾದಂತೆ. ಬೀದಿಯ ಆಚೆ ಬದಿಯಲ್ಲಿ ಯಾರೋ ಕಾರಿನ ಬಾಗಿಲು ಹಾಕಿದಷ್ಟು ಸದ್ದು ಎಂದು ನಾಸಾದವರು ಹೋಲಿಕೆ ಕೊಡುತ್ತಾರೆ.

ಗುರಿ ಮುಟ್ಟಿತೆ ಎಂದು ತೀರ್ಮಾನಿಸುವವರು ಯಾರೆಂಬುದೇ ನನಗೆ ಬಹಳ ಮೆಚ್ಚಿಕೆಯಾದ ಸಂಗತಿ. ಯಂತ್ರದ ಮುಳ್ಳು ಒಂದನ್ನೇ ಅವರು ನಂಬಿಲ್ಲ. ಪರೀಕ್ಷೆಗಳು ಮುಗಿದ ಮೇಲೆ ವಿಮಾನವನ್ನು ಅಮೆರಿಕೆಯ ಕೆಲವು ಊರುಗಳ ಮೇಲೆ ಹಾರಿಸಿ, ಮನೆಮನೆಯವರನ್ನು 'ನಿಮಗೆ ಕೇಳಿಸಿತೆ? ಬೇಸರವಾಯಿತೆ?' ಎಂದು ವಿಚಾರಿಸುವುದು ಯೋಜನೆ. ಹೀಗೆ ಕೇಳುವ ವಿಧಾನ ಕಲಿಯಲು 2018ರ ನವೆಂಬರಿನಲ್ಲಿ ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಳಿ ಒಂದು ತಾಲೀಮೂ ನಡೆಯಿತು. ಜನ ಕೊಟ್ಟ ಉತ್ತರವನ್ನು ವಿಮಾನಯಾನದ ನಿಯಮ ಮಾಡುವವರ ಮುಂದಿಡಬೇಕೆಂಬುದು ಉದ್ದೇಶ. ಈ ನಡುವೆ, 2025ರ ಜೂನ್ 6ರಂದು ಅಮೆರಿಕಾದ ಅಧ್ಯಕ್ಷರು 1973ರ ನಿಷೇಧವನ್ನು ತೆಗೆದು, ಅದರ ಜಾಗದಲ್ಲಿ ಸದ್ದಿಗೆ ಮಿತಿ ಹಾಕುವ ನಿಯಮ ತರಬೇಕೆಂದು ಆದೇಶ ಹೊರಡಿಸಿದರು. ವೇಗಕ್ಕೆ ಕಟ್ಟಿದ್ದ ಬೇಲಿಯನ್ನು ಸದ್ದಿಗೆ ಕಟ್ಟುವುದು ನ್ಯಾಯವೇ. ಆದರೆ ಆ ಬೇಲಿಯ ಎತ್ತರ ಎಷ್ಟಿರಬೇಕೆಂಬುದನ್ನು ಕೆಳಗಿರುವವರ ಕಿವಿ ಹೇಳಬೇಕು, ಆತುರ ಹೇಳಬಾರದು.

ಇದೆಲ್ಲ ದೂರದ ಮಾತಾಯಿತು, ನಮಗೇನು ಎನ್ನುವಿರಾ? ಶಬ್ದಾತೀತ ವೇಗದ ವಿದ್ಯೆಗೆ ಕರ್ನಾಟಕ ಹೊಸದಲ್ಲ. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದ ಸತೀಶ್ ಧವನ್ ಅವರು, ಶಬ್ದಕ್ಕಿಂತ ವೇಗವಾಗಿ ಗಾಳಿ ಹರಿಸುವ ಸುರಂಗವನ್ನು ನಮ್ಮ ದೇಶದಲ್ಲಿ ಮೊದಲು ಅಲ್ಲಿ ಕಟ್ಟಿದರು. 1961ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಮಾರುತ್ ಹಾರಿತು. ಜರ್ಮನಿಯ ಕುರ್ಟ್ ಟಾಂಕ್ ಅವರೊಡನೆ ನಮ್ಮ ಎಂಜಿನಿಯರುಗಳು ಅದನ್ನು ರೂಪಿಸಿದ್ದರು. ತಕ್ಕ ಎಂಜಿನ್ ದೊರೆಯದೆ ಅದು ಬಯಸಿದ ವೇಗವನ್ನು ಮುಟ್ಟಲಿಲ್ಲ. ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನ ದೊಡ್ಡ ಗಾಳಿ ಸುರಂಗ 1967ರಿಂದ ಕೆಲಸಮಾಡುತ್ತಿದೆ. 2003ರ ಆಗಸ್ಟ್ 1ರಂದು, ತೇಜಸ್ ಎಂದು ಹೆಸರಾದ ನಮ್ಮ ಹಗುರ ಯುದ್ಧವಿಮಾನ ಶಬ್ದದ ವೇಗವನ್ನು ಮೀರಿತು. ಅಮೆರಿಕೆಯಲ್ಲಿ ಮೀನಿನ ಮೂತಿಯ ವಿಮಾನ ಹಾರಿದ್ದೂ ಅದೇ ತಿಂಗಳು ಎಂಬುದನ್ನು ನೆನೆಯಿರಿ. ಎಕ್ಸ್-59ರ ಬೆನ್ನಿನ ಮೇಲಿರುವ ಎಂಜಿನ್ನಿನ ವಂಶದ್ದೇ ಎಂಜಿನ್ನನ್ನು ತೇಜಸ್‌ನ ಮುಂದಿನ ಮಾದರಿಗೂ ಆರಿಸಿದ್ದಾರೆ. ಗಾಳಿಯ ಅಲೆಯನ್ನು ಅಳೆಯಬಲ್ಲವರು, ಆಕಾರವನ್ನು ತಿದ್ದಬಲ್ಲವರು ನಮ್ಮಲ್ಲಿ ಇದ್ದಾರೆ. ಯುದ್ಧವಿಮಾನಕ್ಕೆ ಮೆತ್ತಗಿನ ಸದ್ದು ಮುಖ್ಯವಲ್ಲ, ಸರಿ. ನಾಳೆ ಪ್ರಯಾಣಿಕರ ವಿಮಾನ ನಮ್ಮ ಆಕಾಶಕ್ಕೆ ಅನುಮತಿ ಕೇಳಿಕೊಂಡು ಬಂದಾಗ, ಅವರ ಸದ್ದಿನ ಲೆಕ್ಕವನ್ನು ನಾವೇ ಅಳೆದು ನೋಡಲು ಈ ವಿದ್ಯೆ ಬೇಕಾದೀತು.

ಎಚ್ಚರದ ಒಂದೆರಡು ಮಾತನ್ನೂ ಸೇರಿಸಬೇಕು. ಎಕ್ಸ್-59 ಒಬ್ಬನೇ ಚಾಲಕನ ಪ್ರಯೋಗ ವಿಮಾನ. ನೂರು ಮಂದಿಯನ್ನು ಹೊರುವಷ್ಟು ದೊಡ್ಡದಾದಾಗ ಇದೇ ಉಪಾಯ ಇಷ್ಟೇ ಚೆನ್ನಾಗಿ ನಡೆಯಬೇಕು. ವಿಮಾನ ಭಾರವಾದಷ್ಟೂ ಗಾಳಿಗೆ ಕೊಡುವ ಪೆಟ್ಟೂ ಹೆಚ್ಚು. ಮೇಲೇರುವಾಗ ಎಂಜಿನ್ ಮಾಡುವ ಆರ್ಭಟ ಬೇರೆಯೇ ಸಮಸ್ಯೆ. ಇಷ್ಟು ವೇಗಕ್ಕೆ ಸುಡಬೇಕಾದ ಎಣ್ಣೆಯ ಲೆಕ್ಕವೂ ಹಗುರವಾದುದಲ್ಲ. ಸದ್ದು ತಗ್ಗಿದರೆ ಒಂದು ಬಾಗಿಲು ತೆರೆದಂತೆ. ಇನ್ನೂ ದಾಟಬೇಕಾದ ಬಾಗಿಲುಗಳಿವೆ.

ಆದರೂ ಈ ಪ್ರಯತ್ನದಲ್ಲಿ ಒಂದು ದೊಡ್ಡ ಪಾಠವಿದೆ. ಕಾಂಕಾರ್ಡನ್ನು ಕಟ್ಟಿದವರು ಮೇಲೆ ಕುಳಿತವರನ್ನು ನೆನೆದು ಅದನ್ನು ಕಟ್ಟಿದರು. ಕೆಳಗಿನವರ ಮಾತು ಬಂದದ್ದು ಕಟ್ಟಿ ಮುಗಿದ ಮೇಲೆ. ಈಗ ಮೊದಲ ಗೆರೆ ಎಳೆಯುವಾಗಲೇ, ನುಗ್ಗೇಹಳ್ಳಿಯಂಥ ಊರಿನ ಅಂಗಳದಲ್ಲಿ ನಿಂತವನ ಕಿವಿಯೂ ಲೆಕ್ಕದೊಳಗೆ ಬಂದಿದೆ. ಮೂತಿ ಉದ್ದವಾದದ್ದು ಅವನಿಗಾಗಿ. ಎಂಜಿನ್ ಬೆನ್ನೇರಿದ್ದು ಅವನಿಗಾಗಿ. ಚಾಲಕ ಕಿಟಕಿಯನ್ನು ಬಿಟ್ಟುಕೊಟ್ಟದ್ದೂ ಅವನಿಗಾಗಿ.

ನಮ್ಮ ಗಾಡಿ ಹೊಡೆಯುವ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಾರುಕೋಲು ಬೀಸುವ ಮೊದಲು ಅವನು ಪಕ್ಕದಲ್ಲಿ ಯಾರಾದರೂ ಇದ್ದಾರೆಯೆ ಎಂದು ಒಮ್ಮೆ ತಿರುಗಿ ನೋಡುತ್ತಾನೆ. ಆಕಾಶದ ಗಾಡಿ ಹೊಡೆಯುವವರೂ ಹಾಗೆ ತಿರುಗಿ ನೋಡಲು ಕಲಿಯುತ್ತಿದ್ದಾರೆ.